ಬ್ಯಾಲರಾಟಿನಲ್ಲಿ ಜಡೆ ಬಿಡಿಸಿದ್ದು

ಅಮೆರಿಕದವರು ಇದನ್ನು ಕುದುರೆಯ ಸಜ್ಜು ಎಂದರು,
ಇಲ್ಲಿನವರು ಮಗ್ಗ ಎನ್ನುತ್ತಾರೆ.
ನಾನು ಜಡೆ ಎನ್ನುತ್ತೇನೆ, ಒಳಗೊಳಗೇ:
ಬುಡದಲ್ಲಿ ಒಂದೇ, ಹೋಗುತ್ತ ಹೋಗುತ್ತ ಕವಲು,
ತುದಿತುದಿಗೂ ಪ್ಲಾಸ್ಟಿಕ್ಕಿನ ಕುಚ್ಚು.

ಗ್ಲೆನಿಸ್ ಟ್ರೆಜೈಸ್, ಎಪ್ಪತ್ತೆರಡು,
ಮೂವತ್ತು ವರ್ಷ ಈ ಊರಿನ ಬಸ್ಸು ಓಡಿಸಿದವಳು,
ಅರವತ್ನಾಲ್ಕರ ಹೋಲ್ಡನ್ನನ್ನು ಟ್ರೇಲರಿನಿಂದ ಇಳಿಸಿದಳು.
ಹಳೆ ಎಂಜಿನ್ನು ಎಣ್ಣೆ ಕುಡಿದು ಕುಡಿದು
ಬನಿನ್ಯಾಂಗ್ ಏರಿನಲ್ಲಿ ಕೂತೇಬಿಟ್ಟಿತಂತೆ.
ಹೊಸದು ಗುಜರಿಯಿಂದ ಬಂದಿದೆ, ಪಲ್ಟಿ ಹೊಡೆದ ಕಮೊಡೋರಿನದು,
ಆರು ಸಿಲಿಂಡರು, ಕಂಪ್ಯೂಟರು ಸಮೇತ.
ತಲೆಯಿದೆ, ಎದೆಯಿದೆ, ಮೈ ಮಾತ್ರ ಬೇರೆಯವರದು.

ಗುಜರಿಯವನು ಅದರ ಜಡೆಯನ್ನೂ ಪುಕ್ಕಟೆ ಕೊಟ್ಟಿದ್ದಾನೆ,
ಹೆಬ್ಬಾವಿನಷ್ಟು. ಹೋಲ್ಡನ್ನಿನದು ನನ್ನ ಕಿರುಬೆರಳಷ್ಟಿತ್ತು.
ಇದರಲ್ಲಿ ಇಲ್ಲದ ಕಿಟಕಿಗಳ ಮೋಟರಿಗೆ ತಂತಿ,
ಇಲ್ಲದ ಗಾಳಿಚೀಲಕ್ಕೆ ತಂತಿ,
ಇಲ್ಲದ ಬಾಗಿಲು ಹಾಕಿದೆಯೇ ಎಂದು ವಿಚಾರಿಸುವ ತಂತಿ.
ಕೀಲಿ ತಿರುವಿದರೆ ಕಂಪ್ಯೂಟರು ಮೊದಲು ಕೇಳುತ್ತದೆ: ಯಾರು ನೀನು?
ಉತ್ತರ ಹೇಳಬೇಕಾದ ಡಬ್ಬಿ ಗುಜರಿಯಲ್ಲೇ ಚಪ್ಪಟೆಯಾಗಿದೆ.
ಹೇಳದಿದ್ದರೆ ಪೆಟ್ರೋಲು ಬಿಡುವುದಿಲ್ಲ.
ಆ ಪ್ರಶ್ನೆಯನ್ನೇ ಮರೆಸುವವನು ಜಿಲಾಂಗಿನಲ್ಲಿ ಒಬ್ಬನಿದ್ದಾನೆ.

ಇನ್ನೊಂದು, ಪೆಟ್ಟಿಗೆಯಲ್ಲಿ ಬರುವ ಸಿದ್ಧ ಜಡೆ.
ಹದಿನಾರು ನೂರು ಡಾಲರು. ಚೊಕ್ಕ. ಬೇಕಾದಷ್ಟೇ ಎಳೆ,
ಎಳೆಯ ಮೇಲೆ ಗೇಣಿಗೊಮ್ಮೆ ಅಚ್ಚಾದ ಅಕ್ಷರ:
ಇದು ಇಂಜೆಕ್ಟರಿಗೆ, ಇದು ಫ್ಯಾನಿಗೆ, ಇದು ನೆಲಕ್ಕೆ.
ನಾನೇ ಹೊಸದು ಹೆಣೆಯಬಹುದು; ಅದನ್ನು ಬಿಡಿ, ಬೆನ್ನು ನೋವು.

ಪೆಟ್ಟಿಗೆಯನ್ನೇ ಹೊಗಳಿದೆ. ಗ್ಯಾರಂಟಿ ಎಂದೆ. ಎರಡು ಸಲ ಎಂದೆ.
ಗ್ಲೆನಿಸ್ ಟೀ ಊದಿಕೊಂಡು ಕುಡಿಯುತ್ತ
"ಪುಕ್ಕಟೆಯದಕ್ಕೆ ಏನಾಗಿದೆ?" ಎಂದಳು.

ಏನೂ ಆಗಿಲ್ಲ, ಗ್ಲೆನಿಸ್. ಆಗಿರುವುದು ನನ್ನ ಕಣ್ಣಿಗೆ.
ಕೆಂಪೂ ಹಸಿರೂ ನನಗೆ ಒಂದೇ, ಒಣ ಹುಣಸೆ ಸಿಪ್ಪೆಯ ಬಣ್ಣ.
ರಾಣೆಬೆನ್ನೂರಿನಲ್ಲಿ ಲಾರಿಗಳ ಕೆಳಗೆ ಮಲಗಿ ಕಲಿಯುವಾಗ
ಮೌಲಾಸಾಬರಿಗೆ ಇದು ಗೊತ್ತಾಗಲೇ ಇಲ್ಲ:
ಅಲ್ಲಿದ್ದದ್ದೇ ಎರಡು ತಂತಿ, ಒಂದು ಹೋಗುವುದು, ಒಂದು ಬರುವುದು,
ಎರಡೂ ಮಸಿ.
ಇಲ್ಲಿ ಹನ್ನೊಂದು ವರ್ಷ ಮೀಟರಿನ ಕೂಗು ಕೇಳಿ ಕೇಳಿ ದಾಟಿಸಿದ್ದೇನೆ,
ಕಿವುಡ ಭಜನೆಯಲ್ಲಿ ಕೂತು ತಾಳ ಹಾಕಿದಂತೆ.

ಹೇಳಿಬಿಟ್ಟೆ. ಯಾಕೆಂದು ತಿಳಿಯದು.
ಜುಲೈ ಚಳಿ, ಶೆಡ್ಡಿನ ತಗಡು ಟಣ್ಣೆನ್ನುತ್ತಿತ್ತು.
ಅವಳು ಲೋಟ ಇಟ್ಟು, ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡು
ಸ್ಟೂಲು ಎಳೆದಳು. "ನಾನು ಓದುತ್ತೇನೆ, ನೀನು ಕತ್ತರಿಸು.
ಹದಿನಾರು ನೂರಕ್ಕೆ ನನ್ನ ಸೀಟು ಹೊಲಿಸಬೇಕು."

ಮೂರು ಸಂಜೆ.
"ಹಸಿರು, ಮೈಮೇಲೆ ಕಪ್ಪು ಗೆರೆ."
        ಎರಡನೇ ಇಂಜೆಕ್ಟರು. ಇರಲಿ.
"ಕಂದು. ನಮ್ಮ ಡಿಪೋದ ಚಹಾದ ಕಂದು."
        ಹಿಂದಿನ ಕಿಟಕಿ. ತೆಗೆ.
"ಗುಲಾಬಿ."
        ಇಗ್ನಿಷನ್. ಮುಟ್ಟಬೇಡ.
ಸಿಕ್ಕಿನೊಳಗೆ ಬೆರಳು ಬಿಟ್ಟು ಬುಡದಿಂದ ತುದಿಗೆ
ಹಗುರಾಗಿ ಎಳೆಯುತ್ತಿದ್ದಳು,
ಆ ಕಡೆ ಯಾರದೋ ತಲೆ ನೋಯುತ್ತದೆ ಎಂಬಂತೆ.

ತೆಗೆದದ್ದನ್ನು ತೂಗಿದೆವು: ನಾಲ್ಕು ಕಿಲೊ ಚಿಲ್ಲರೆ,
ಒಂದು ಕಾರಿನ ಕಿಟಕಿ, ಬಾಗಿಲು, ರೇಡಿಯೊ, ಭಯ.
ಉಳಿದದ್ದು ಮಣಿಕಟ್ಟಿನಷ್ಟೂ ಇಲ್ಲ.

ಒಂದು ಎಳೆ ಮಾತ್ರ ಲೆಕ್ಕಕ್ಕೆ ಸಿಗಲಿಲ್ಲ.
ನೇರಳೆ, ಬಿಳಿ ಗೆರೆ. ನಕ್ಷೆಯಲ್ಲಿಲ್ಲ, ಮೀಟರು ಕೂಗುವುದಿಲ್ಲ.
ಕತ್ತರಿ ಎತ್ತಿದೆ. ಅವಳು ನನ್ನನ್ನೇ ನೋಡಿದಳು.
ತುದಿ ಮಡಚಿ, ಟೇಪು ಸುತ್ತಿ, ಒಳಗೇ ಸೇರಿಸಿ ಹೆಣೆದೆ.

"ನೇರಳೆ ಕಾಣುತ್ತದಾ ನಿನಗೆ?" ಕೇಳಿದಳು ಹೊರಡುವಾಗ.
ನೀಲಿಯಂತೆ, ಎಂದೆ.
"ಸಾಕು," ಎಂದಳು, "ನೀಲಿ ಒಳ್ಳೆಯದೇ."